ಅಕ್ಕೋರು ಓದಿದ ಹಾಳೆ

ಆಗ ನಮ್ಮ ಯರಗುಪ್ಪಿಗೆ ಭಾನುವಾರ ಹನ್ನೊಂದರ ಬಸ್ಸು ಬರುವುದು ಊರಿನಲ್ಲಿ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಎಂಬತ್ತರ ದಶಕದ ನಡುವಿನ ಮಾತು. ಊರಿನಲ್ಲಿ ಮೋಟಾರು ಸೈಕಲ್ಲು ಒಂದೋ ಎರಡೋ. ದೂರದ ಎರಿ ಹೊಲಗಳ ನಡುವೆ ಬಸ್ಸು ಗೇರು ಬದಲಿಸಿದ ಸಪ್ಪಳ ಕೇಳಿದ ಕೂಡಲೇ ನಾನು ಕಟ್ಟೆಯಿಂದ ಇಳಿದು, ಗೋಡೆ ಸವರುತ್ತ ಓಣಿಯ ತುದಿಗೆ ಹೋಗಿ ನಿಂತುಬಿಡುತ್ತಿದ್ದೆ. ನಿಮ್ಮಲ್ಲಿ ಎಷ್ಟೋ ಮಂದಿ ಆ ವಯಸ್ಸಿನಲ್ಲಿ ಬಸ್ಸಿಳಿದು ಬರುವ ಮಾಮಾನ ಕೈಯಲ್ಲಿನ ಚುರಮುರಿ ಪೊಟ್ಟಣಕ್ಕೆ ಕಾದಿದ್ದೀರಿ. ನಾನು ಕಾಯುತ್ತಿದ್ದದ್ದು ದಪ್ಪ ಹಾಳೆಗೆ.

ಎರಡು ವರ್ಷದವಳಿದ್ದಾಗ ದಡಾರ ಬಂದು ನನ್ನ ಕಣ್ಣು ಹೋದವಂತೆ. ಈಗಿನವರು ಇದನ್ನು ಕೇಳಿದರೆ ಧ್ವನಿ ಇಳಿಸುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಇಳಿಸುತ್ತಿರಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, "ಕುರುಡಿ ಬರಾಕತ್ತಾಳ, ಕೊಡ ಸರಸ್ರಿ" ಎಂದು ಅಂಗಳದಿಂದಲೇ ಒದರುತ್ತಿದ್ದಳು. ನನಗೇನೂ ಬೇಸರವಿರಲಿಲ್ಲ, ದಾರಿ ಸಿಗುತ್ತಿತ್ತಲ್ಲ. ಒಂದು ಲಾಭವೂ ಇತ್ತು. ಕಣ್ಣಿಲ್ಲದವಳ ಮುಂದೆ ಮಂದಿ ಏನು ಬೇಕಾದರೂ ಮಾತಾಡುತ್ತಾರೆ. ಕಣ್ಣಿಲ್ಲವೆಂದರೆ ಕಿವಿಯೂ ಇಲ್ಲ ಎಂದು ಅವರ ತಿಳುವಳಿಕೆ.

ನನಗೆ ಊರನ್ನೆಲ್ಲ ತೋರಿಸುತ್ತಿದ್ದವಳು ಅವ್ವ. ತೋರಿಸುವುದೆಂದರೆ ಹೇಳುವುದು. ಜೋಳ ಬೀಸುವಾಗ, ಹತ್ತಿ ಬಿಡಿಸುವಾಗ, ರೊಟ್ಟಿ ಬಡಿಯುವಾಗ ಅವಳ ಬಾಯಿ ನಿಂತದ್ದೇ ಇಲ್ಲ. "ನಿಮ್ಮ ಕಾಕಾ ಹೊಸಾ ಅಂಗಿ ತೊಟ್ಟಾನ ನೋಡವಾ, ಗುಂಡಿ ಒಂದಕ್ಕೊಂದು ತಪ್ಪಿಸಿ ಹಾಕ್ಯಾನ, ಹೇಳಬ್ಯಾಡ ಸುಮ್ನಿರು, ಸಂತಿ ತನಕಾ ಹಂಗ ಹೋಗ್ಲಿ." ನಾನು ಕಿಸಕ್ಕನೆ ನಗುತ್ತಿದ್ದೆ, ಕಾಕಾ "ಏನ್ಲೇ?" ಎಂದರೆ ಇನ್ನೂ ನಗು. ಅಪ್ಪ ಸಿಟ್ಟಿನಲ್ಲಿದ್ದಾನೋ, ಆಯಿ ಯಾರಿಗೆ ಮೋರೆ ತಿರುವಿದಳೋ, ಮುಗಿಲು ಯಾವ ಕಡೆ ಕಟ್ಟಿದೆಯೋ, ಎಲ್ಲವೂ ನನಗೆ ಅವ್ವನಿಂದಲೇ ಗೊತ್ತಾಗುತ್ತಿತ್ತು. ನನ್ನ ಇಬ್ಬರು ಅಕ್ಕಂದಿರಿಗೆ ಅವಳು ಇಷ್ಟು ಹೇಳುತ್ತಿರಲಿಲ್ಲ. ಅದು ನನ್ನ ಹಮ್ಮು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರು ಬಂದರು. ಹೆಸರು ಸುಮಿತ್ರಾಬಾಯಿ. ಹುಬ್ಬಳ್ಳಿಯ ಒಂದು ಸಾಲಿಯಲ್ಲಿ ವಾರವೆಲ್ಲ ಕಲಿಸಿ, ಭಾನುವಾರ ಬಸ್ಸು ಹತ್ತಿ ಹಳ್ಳಿಹಳ್ಳಿಗೆ ಹೋಗಿ ಕಣ್ಣಿಲ್ಲದ ಮಕ್ಕಳು ಎಲ್ಲಿದ್ದಾರೆಂದು ಹುಡುಕುತ್ತಿದ್ದರು. ಅವರನ್ನು ಯಾರೂ ಕಳಿಸಿದ್ದಲ್ಲ. ಅವರ ಕಣ್ಣು ಸರಿಯಾಗಿಯೇ ಇದ್ದವು. ಅವರ ಸೋದರತ್ತೆಯೊಬ್ಬರು ಕಣ್ಣಿಲ್ಲದೆ, ಒಂದಕ್ಷರ ಕಾಣದೆ, ಮೂಲೆಯಲ್ಲಿ ಕುಂತು ಬತ್ತಿ ಹೊಸೆಯುತ್ತಲೇ ಸತ್ತರಂತೆ. ಆ ಸಂಕಟವೇ ಅವರನ್ನು ಊರೂರು ಅಲೆಸಿತ್ತು. ಅವರು ಹತ್ತಿರ ಬಂದರೆ ತುರುಬಿನಲ್ಲಿನ ಮರುಗದ ವಾಸನೆ ಬರುತ್ತಿತ್ತು, ಕಾಲಿನಿಂದ ಎರಿ ಮಣ್ಣಿನದು.

ಬಂದ ಮೊದಲ ದಿನವೇ ನಮ್ಮ ಆಯಿಯ ಅಳಗುಳಿ ಮಣೆ ಇಸಿದುಕೊಂಡರು. ಎರಡು ಸಾಲು ಗುಳಿಯ ಮಣೆ. ಸಾಲಿಗೆ ಮೂರೇ ಗುಳಿ ಉಳಿಯುವಂತೆ ಬಾಕಿಯದಕ್ಕೆಲ್ಲ ಅರಿವೆ ತುರುಕಿ, ನನ್ನ ಕೈಗೆ ಒಂದು ಹಿಡಿ ಹುಣಸೆ ಬೀಜ ಕೊಟ್ಟರು. ಒಂದು ಗುಳಿಯಲ್ಲಿ ಬೀಜ ಇಟ್ಟರೆ ಒಂದು ಅಕ್ಷರ, ಇನ್ನೊಂದರಲ್ಲಿಯೂ ಇಟ್ಟರೆ ಮತ್ತೊಂದು. ಆರು ಗುಳಿಯಲ್ಲಿ ಕನ್ನಡವೆಲ್ಲ ಹಿಡಿಸುತ್ತದೆ ಎಂದರು. ನಾನು ನಂಬಲಿಲ್ಲ. ಎರಡು ಭಾನುವಾರ ಕಳೆಯುವುದರೊಳಗೆ ನನ್ನ ಹೆಸರು ಅದರಲ್ಲಿ ಬಂತು. ಕಸ್ತೂರಿ. ಆ ದಿನ ಉಣ್ಣಲು ಕರೆದರೂ ಏಳದೆ ನನ್ನ ಹೆಸರನ್ನು ಎಷ್ಟು ಸಲ ತಡವಿದೆನೋ, ಲೆಕ್ಕವಿಲ್ಲ.

ಆಮೇಲೆ ಪಾಟಿ ಬಂತು. ತಗಡಿನ ಪಟ್ಟಿ, ಅದರಲ್ಲಿ ಸಾಲಾಗಿ ಕಿಂಡಿಗಳು, ನಡುವೆ ದಪ್ಪ ಹಾಳೆ ಸಿಕ್ಕಿಸಿ ಚೂಪಾದ ಮೊಳೆಯಂಥದ್ದರಿಂದ ಚುಚ್ಚಬೇಕು. ನಾನು ಅದಕ್ಕೆ ದಬ್ಬಣ ಎಂದೇ ಕರೆಯುತ್ತಿದ್ದೆ. ಬರೆಯುವುದು ಬಲದಿಂದ ಎಡಕ್ಕೆ. ಹಾಳೆ ಹೊಳ್ಳಿಸಿದರೆ ಚುಕ್ಕಿ ಉಬ್ಬಿಕೊಂಡಿರುತ್ತವೆ, ಆಗ ಎಡದಿಂದ ಬಲಕ್ಕೆ ಓದುವುದು. ಹಾಳೆ ದಪ್ಪಗಿರಬೇಕು, ಇಲ್ಲದಿದ್ದರೆ ಹರಿಯುತ್ತದೆ. ಅಕ್ಕೋರು ತರುತ್ತಿದ್ದ ಹಾಳೆ ಎರಡೇ ದಿನಕ್ಕೆ ಮುಗಿಯುತ್ತಿದ್ದವು. ಹೀಗಾಗಿ ಅವ್ವ ಮನೆಮನೆ ಅಡ್ಡಾಡಿ ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆ ಕೂಡಿಸಿ ತಂದಳು. ಯಾರದೋ ಮದುವೆಯ ಬೆನ್ನಿನ ಮೇಲೆ ನಾನು ಕಾಗುಣಿತ ಕಲಿತೆ. ದಿನವಿಡೀ ಟಿಕ್ ಟಿಕ್. "ತೊಲಿಗೆ ಹುಳ ಹತ್ತಿದಂಗ ಆಗೈತಿ ನನ್ನ ಕಿವಿಗೆ" ಎಂದು ಆಯಿ ಗೊಣಗುತ್ತಿದ್ದಳು.

ಅಕ್ಕೋರ ಒಂದು ಮಾತು ನನ್ನ ತಲೆಯಲ್ಲಿ ಕುಂತುಬಿಟ್ಟಿತು. ಒಂದು ಭಾನುವಾರ ಹೊರಡುವ ಮುಂಚೆ ನನ್ನ ಗಲ್ಲ ಹಿಡಿದು ಹೇಳಿದರು. "ಪಾಠ ಸಾಕು. ಇನ್ನು ಮುಂದ ನಿನ್ನ ಮನಸಿನಾಗಿಂದು ಬರಿ. ಬಾಯಿಲೆ ಹೇಳ್ಲಿಕ್ಕೆ ಆಗದ್ದು ಬರಿ. ನಾ ಒಬ್ಬಾಕಿನ ಓದ್ತೀನಿ, ಬ್ಯಾರೆ ಯಾರೂ ಇಲ್ಲ."

ಹನ್ನೊಂದು ಮಂದಿ ಇದ್ದ ಮನೆ ನಮ್ಮದು. ಕಣ್ಣಿದ್ದ ಹತ್ತು ಮಂದಿಗೂ ಇಲ್ಲದ ಒಂದು ಜಾಗ ನನಗೆ ಸಿಕ್ಕಿತ್ತು. ನಾನು ಎಲ್ಲರ ನಡುವೆ ಕುಂತು ಎಲ್ಲರ ಬಗ್ಗೆ ಬರೆಯುತ್ತಿದ್ದೆ, ಯಾರಿಗೂ ತಿಳಿಯುತ್ತಿರಲಿಲ್ಲ. ಭಾನುವಾರ ಅಕ್ಕೋರು ಹಿತ್ತಲ ಕಟ್ಟೆಯ ಮೇಲೆ ಕುಂತು ಮನಸ್ಸಿನಲ್ಲೇ ಓದಿಕೊಂಡು ನಗುತ್ತಿದ್ದರು, ಕೆಲವೊಮ್ಮೆ ಸುಮ್ಮನೆ ನನ್ನ ಬೆನ್ನ ಮೇಲೆ ಕೈ ಇಡುತ್ತಿದ್ದರು. ಅವರೆಂದರೆ ನನಗೆ ಪ್ರಾಣ.

ದೀಪಾವಳಿಗೆ ಅವ್ವ ನನ್ನನ್ನು ಕರೆದುಕೊಂಡು ತವರುಮನೆಗೆ ಹೋದಳು. ನವಲಗುಂದ ತಾಲ್ಲೂಕಿನ ತಿರ್ಲಾಪುರ. ಹಬ್ಬ ಮುಗಿದ ಮೂರನೆಯ ದಿನ ಮಾಮಾ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ನವಲಗುಂದಕ್ಕೆ ಒಯ್ದ. ಫಿನೈಲಿನ ವಾಸನೆ, ಸಾಲುಗಟ್ಟಿ ಕುಂತ ಹೆಂಗಸರ ಬಳೆ ಸಪ್ಪಳ, ಎಲ್ಲೋ ಒಂದು ಕೂಸಿನ ಅಳು. ಅವ್ವ ಒಳಗೆ ಹೋದಳು. ಮಾಮಾ ನನಗೆ ಶೇಂಗಾ ಉಂಡಿ ಕೊಟ್ಟ, ಅದು ಕರಗುವ ತನಕ ಬಾಯಲ್ಲಿಟ್ಟುಕೊಂಡು ಕುಂತೆ. ತಿರುಗಿ ಬರುವಾಗ ಅವ್ವ ನಡೆಯುವ ರೀತಿ ಬೇರೆಯಿತ್ತು, ನನ್ನ ಹೆಗಲ ಮೇಲೆ ಭಾರ ಬಿಟ್ಟಿದ್ದಳು.

ನಾವು ಮೂವರೂ ಹೆಣ್ಣು. ನಾನು ಹುಟ್ಟಿದ ಮೇಲೆ ಇನ್ನೆರಡು ಹೊಟ್ಟೆಯಲ್ಲೇ ಹೋಗಿದ್ದವು. ಎರಡನೆಯ ಸಲ ಅವ್ವ ಬದುಕಿದ್ದೇ ದೊಡ್ಡದು. ಇನ್ನೊಂದು ಬಸಿರಾದರೆ ತಾಯಿ ಉಳಿಯುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದಳು. ಆದರೆ ಆಯಿಗೆ ಮೊಮ್ಮಗ ಬೇಕು. ಗಂಡು ಹಡೆಯದಿದ್ದರೆ ಮಗನಿಗೆ ಇನ್ನೊಂದು ಲಗ್ನ ಮಾಡುತ್ತೇನೆ, ನನ್ನ ಅಣ್ಣನ ಮೊಮ್ಮಗಳು ಇದ್ದಾಳೆ ಎಂದು ಅವಳು ಹತ್ತಿ ಬಿಡಿಸುತ್ತ ಹೇಳಿದ್ದನ್ನು ನಾನೇ ಕೇಳಿದ್ದೆ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅದಕ್ಕೇ ಅವ್ವ ಗಂಡನ ಮನೆಯಲ್ಲಿ ಯಾರಿಗೂ ಹೇಳದೆ ಆಪರೇಶನ್ ಮಾಡಿಸಿಕೊಂಡಿದ್ದಳು. ಆ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಇದನ್ನೆಲ್ಲ ಹೇಳಿದಳು. ಹತ್ತು ವರ್ಷದವಳಿಗೆ ಯಾಕೆ ಹೇಳಿದಳೋ. ಯಾರಿಗಾದರೂ ಹೇಳದೆ ಇರಲಾಗಲಿಲ್ಲವೇನೋ, ಅಭ್ಯಾಸ.

"ಯಾರ ಮುಂದೂ ಬಾಯಿ ಬಿಡಬ್ಯಾಡ ನನ್ನವ್ವಾ. ಮನಿ ಮುರೀತೈತಿ."

"ಇಲ್ಲ ಬೇ, ಬಾಯಿ ಬಿಡೂದಿಲ್ಲ" ಎಂದೆ.

ಬಿಡಲೂ ಇಲ್ಲ. ಇದನ್ನು ನಾನು ಇಂದಿಗೂ ಹೇಳುತ್ತೇನೆ, ನನ್ನ ಬಾಯಿಂದ ಒಂದು ಮಾತು ಹೊರಬರಲಿಲ್ಲ. ಆದರೆ ಅಷ್ಟು ದೊಡ್ಡದನ್ನು ಒಳಗಿಟ್ಟುಕೊಂಡು ಎರಡು ತಿಂಗಳು ತಿರುಗಿದೆ. ಆಯಿ "ಇನ್ನೊಂದು ಸಲ ಬಸರಾದ್ರ ಗಂಡು ಆಗತೈತಿ, ಹರಕಿ ಹೊತ್ತೀನಿ" ಅಂದಾಗೆಲ್ಲ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಬಾಯಿಲೆ ಹೇಳಲಿಕ್ಕೆ ಆಗದ್ದು ಬರಿ ಎಂದಿದ್ದರಲ್ಲ ಅಕ್ಕೋರು? ಬರೆದೆ. ಒಂದು ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ, ಆರೇ ಸಾಲು. ಮಡಚದೆ, ಚುಕ್ಕಿ ಸಪಾಟಾಗದಂತೆ, ನನ್ನ ಕೈಚೀಲದಲ್ಲಿ ಪಾಟಿಯ ಜೊತೆ ಇಟ್ಟೆ. ಬರೆದ ಮೇಲೆ ಹಗುರಾಯಿತು.

ಎಳ್ಳಮವಾಸ್ಯೆ ಮುಗಿದ ಮುಂದಿನ ಭಾನುವಾರ ಅದು. ಹೊಲಕ್ಕೆ ಚರಗ ಚೆಲ್ಲಲು ಮಾಡಿದ್ದ ಸಜ್ಜಿ ರೊಟ್ಟಿ ಇನ್ನೂ ಬುಟ್ಟಿಯಲ್ಲಿದ್ದವು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದ್ದರಿಂದ ಮನೆಯವರೆಲ್ಲ ಸೀನುತ್ತಿದ್ದೆವು. ಅಕ್ಕೋರು ಆ ದಿನ ಒಂದು ಕಾಗದ ತಂದಿದ್ದರು. ಊರಾಚೆಯ ವಸತಿ ಸಾಲಿಗೆ ನನ್ನನ್ನು ಸೇರಿಸುವ ಅರ್ಜಿ. ಅಪ್ಪ ಸಹಿ ಮಾಡಬೇಕಿತ್ತು. ಅರ್ಜಿ ಕೊಡಲು ಅದೇ ಕೊನೆಯ ವಾರ. ಪಡಸಾಲೆಯಲ್ಲಿ ಅಪ್ಪ, ಕಾಕಾ, ಆಯಿ, ನನ್ನ ಅಕ್ಕಂದಿರು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.

ಅಪ್ಪನಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಕಾಕಾನಿಗಂತೂ ಅಗದಿ ಚೇಷ್ಟೆ. ಹಾಳೆಯ ಮೇಲೆ ಮಸಿಯಿಲ್ಲ, ಗೆರೆಯಿಲ್ಲ, ಬರೀ ಗುಳ್ಳೆ. ಅಕ್ಕೋರು ಹೇಳಿಕೊಟ್ಟದ್ದನ್ನು ಈ ಹುಡುಗಿ ಬಾಯಿಪಾಠ ಒಪ್ಪಿಸುತ್ತದೆ, ಇದಕ್ಕೆ ಓದು ಅನ್ನುತ್ತಾರೇನು ಎಂದ. ಅಕ್ಕೋರು ಪರೀಕ್ಷೆಗೆ ನಿಂತರು. ಅಪ್ಪ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ, ಅಕ್ಕೋರು ಅಂಗಳಕ್ಕೆ ಹೋಗಿ ನಿಂತರು, ನಾನು ಬರೆದೆ, ಅವರು ಬಂದು ಓದಿದರು. "ಬಿಳಿ ಎತ್ತು ಕುಂಟತೈತಿ." ಸರಿಯಾಗಿತ್ತು. ಕಾಕಾ ಸೋಲಲಿಲ್ಲ. ಅಂಗಳದ ತನಕ ಕೇಳಿಸುವಂತೆ ನಮ್ಮಣ್ಣ ಪಿಸುಗುಟ್ಟುತ್ತಾನೆ ಎಂದ.

ಅಕ್ಕೋರಿಗೆ ಸಿಟ್ಟು ಬಂತು. ನಾಲ್ಕೂವರೆಯ ಬಸ್ಸಿಗೆ ಹೊತ್ತಾಗುತ್ತ ಬಂದಿತ್ತು. ನನ್ನ ಕೈಚೀಲ ಎಳೆದುಕೊಂಡ ಸಪ್ಪಳ ಕೇಳಿತು. "ಇದನ್ನ ನೋಡ್ರಿ. ವಾರದಾಗ ಆಕಿ ಒಬ್ಬಾಕಿನ ಕೂತು ಬರದದ್ದು. ನಾನೂ ನೋಡಿಲ್ಲ. ಈಗ ನಿಮ್ಮ ಮುಂದನ ಓದ್ತೀನಿ."

ನನ್ನ ಜೀವ ಬಾಯಿಗೆ ಬಂತು. "ಅದು ಬ್ಯಾಡ್ರೀ ಅಕ್ಕೋರ" ಎಂದೆ. ಅವರ ಸೆರಗು ಹಿಡಿದೆಳೆದೆ.

"ಅಂಜಬ್ಯಾಡ. ತಪ್ಪು ಇದ್ರೂ ನಡೀತದ" ಎಂದು ನನ್ನ ಕೈ ಬಿಡಿಸಿದರು.

ಅವರು ಕಣ್ಣಿನಿಂದ ಓದುವವರು. ಉಬ್ಬಿದ ಚುಕ್ಕಿಗಳನ್ನು ಬಿಸಿಲಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಹೇಳುತ್ತಿದ್ದರು. ಪದ ಪೂರ್ತಿಯಾದಾಗಲೇ ಅವರಿಗೂ ಅರ್ಥವಾಗುವುದು, ಕೇಳುವವರಿಗೂ. ಅಕ್ಕೋರಿಗೆ ನಮಸ್ಕಾರ. ಎಮ್ಮಿ ಕರ ಹಾಕೈತಿ. ಕಾಕಾ ಹಂದಿ ಹಂಗ ಗೊರಕಿ ಹೊಡಿತಾನ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಾನೂ ನಕ್ಕ, "ಆತ ಬಿಡ್ರಿ, ಖರೇನ ಬರದಾಳ ಪಿಶಾಚಿ" ಎಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಅಪ್ಪನೂ ನಗುತ್ತಿದ್ದ. ಆದರೆ ಅಕ್ಕೋರಿಗೆ ಹುರುಪು ಬಂದಿತ್ತು, ಮುಂದಿನ ಸಾಲಿಗೆ ಹೋದರು. ಅವ್ವ. ನವಲಗುಂದದಾಗ. ಆ, ಪ, ರ, ಏ... ರೇ, ಶ, ನ್.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಅಕ್ಕೋರೂ ನಿಂತರು. ಅವರ ಉಸಿರು ಸಿಕ್ಕಿಕೊಂಡದ್ದು ನನಗೆ ಕೇಳಿಸಿತು. ಆಮೇಲೆ ಸಣ್ಣ ಧ್ವನಿಯಲ್ಲಿ, ಇಲ್ಲಿ ಹುಡುಗಿ ತಪ್ಪು ಬರೆದಾಳೆ, ಚುಕ್ಕಿ ಕೂಡಿಕೊಂಡಾವೆ, ತಿಳಿಯುವುದಿಲ್ಲ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅಪ್ಪ ನಗುತ್ತಿರಲಿಲ್ಲ.

"ಆಕಿ ತಪ್ಪು ಬರದಾಳೋ, ನಿಮಗ ಓದಾಕ ಬರೂದಿಲ್ಲೋ?" ಎಂದ ಅಪ್ಪ. "ಓದಾಕ ಬರೂದಿಲ್ಲಂದ್ರ ಈ ಕಾಗದಾ ತಗೊಂಡು ಹೋಗ್ರಿ. ಬರ್ತೈತಿ ಅಂದ್ರ ಓದ್ರಿ ಮುಂದ."

ಅರ್ಜಿಯ ಕಾಗದ ಅಕ್ಕೋರ ಕೈಯಲ್ಲಿ ಪರಪರ ಅನ್ನುತ್ತಿತ್ತು. ಒಂದು ಸುಳ್ಳು ಸಾಕಿತ್ತು. "ಬರೂದಿಲ್ರಿ" ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಸಾಲಿ ಹೋಗುತ್ತಿತ್ತು, ಆ ಚುಕ್ಕಿಗಳ ಮಾನ ಹೋಗುತ್ತಿತ್ತು, ಅವ್ವ ಉಳಿಯುತ್ತಿದ್ದಳು. ಅವರು ಓದಿದರು. ಆ ಸಾಲನ್ನು ಮತ್ತೆ ಮೊದಲಿಂದ, ಉಳಿದ ಎರಡನ್ನೂ ಬಿಡದೆ, ಎಲ್ಲಿಯೂ ಎಡವದೆ.

"ಅವ್ವ ನವಲಗುಂದದಾಗ ಆಪರೇಶನ್ ಮಾಡಿಸಿಕೊಂಡಾಳ. ಇನ್ ತಮ್ಮ ಬರೂದಿಲ್ಲ. ಅಪ್ಪಗ ಗೊತ್ತಿಲ್ಲ, ನನಗಷ್ಟ ಗೊತ್ತು."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಪಡಸಾಲೆಗೆ ಬಂತು. ಯಾರೂ ಏಳಲಿಲ್ಲ. ಆಯಿ ಅಳಲು ಸುರುಮಾಡಿದಳು, ಸತ್ತವರ ಮನೆಯಲ್ಲಿ ಅಳುವ ಹಾಗೆ, ಹಾಡಿ ಹಾಡಿ. ಅಪ್ಪ ಪೆನ್ನಿನ ಟೋಪಿ ತೆಗೆದ ಸಪ್ಪಳವಾಯಿತು.

"ಎಲ್ಲಿ ಸಹಿ ಮಾಡಬೇಕ್ರಿ?" ಎಂದ. ಮಾಡಿದ. "ಓದಾಕ ಬರ್ತೈತಿ, ನಂಬಿದೆ. ಕರಕೊಂಡು ಹೋಗ್ರಿ ಈಕಿನ್ನ. ಇಂಥಾ ಕಿವಿ ನನ್ನ ಮನ್ಯಾಗ ಬ್ಯಾಡ."

ಬಸ್ಸಿನ ತನಕ ನಾನು ಅಕ್ಕೋರ ಹಿಂದೆ ಗೋಡೆ ಹಿಡಿದುಕೊಂಡು ಹೋದೆ. ಅವರು ನನ್ನ ಕೈ ಹಿಡಿದರು. ಸಹಿ ಆಯ್ತಲ್ಲ ಕಸ್ತೂರಿ, ಇನ್ನು ನೀನು ಸಾಲೀಗೆ ಹೋಗ್ತಿ, ಇದು ಸಣ್ಣ ಮಾತಲ್ಲ ಎಂದರು. ನಾ ಒಬ್ಬಾಕಿನ ಓದ್ತೀನಿ ಅಂದಿದ್ರಲ್ರೀ ಎಂದು ಕೇಳಿದೆ. ಬಸ್ಸು ಬಂತು, ಹತ್ತಿ ಹೋದರು.

ಅವ್ವ ಮರುದಿನವೇ ತವರಿಗೆ ಹೋದಳು, ಅಂದರೆ ಕಳಿಸಿದರು. ಹೋಗುವ ಮುಂಚೆ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟು ಛಲೋ ಇತ್ತು. ಎಂಟು ತಿಂಗಳ ಮೇಲೆ ಹಿರಿಯರು ಕೂತು ಮಾತಾಡಿ ತಿರುಗಿ ಕರೆತಂದರು. ಎರಡನೆಯ ಲಗ್ನ ಆಗಲಿಲ್ಲ, ಅಪ್ಪನೇ ಬೇಡವೆಂದನಂತೆ. ಆದರೆ ಆಯಿ ಸಾಯುವ ತನಕ ಅವ್ವನ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ಅಪ್ಪ ಅವಳೊಂದಿಗೆ ಮೂರನೆಯವರ ಮೂಲಕ ಮಾತಾಡುವುದನ್ನು ರೂಢಿ ಮಾಡಿಕೊಂಡ.

ನಾನು ಅಷ್ಟರಲ್ಲಿ ವಸತಿ ಸಾಲಿಯಲ್ಲಿದ್ದೆ. ಮೊದಲ ರಜೆಗೆ ಬಂದಾಗ ಅವ್ವ ಜೋಳ ಬೀಸುತ್ತಿದ್ದಳು. ನಾನು ಪಕ್ಕ ಹೋಗಿ ಕುಂತೆ. ಬೀಸುವ ಕಲ್ಲು ತಿರುಗುತ್ತಲೇ ಇತ್ತು, ಅವ್ವನ ಬಾಯಿ ಏಳಲಿಲ್ಲ. ಕಾಕಾ ಬಂದ, ಅಂಗಿ ಎಂಥದ್ದೋ ನನಗೆ ತಿಳಿಯಲಿಲ್ಲ. ಹೊರಗೆ ಯಾರೋ ಜಗಳ ತೆಗೆದರು, ಯಾರೆಂದು ತಿಳಿಯಲಿಲ್ಲ. ಊಟ ಮಾಡು, ಏಳು, ತಲಿ ತೊಳಕೋ. ಅಷ್ಟೇ. ಕಸ್ತೂರಿ ಇದ್ದಾಳೆ ಎಂದರೆ ಒಳಗಿನ ಮಾತೂ ನಿಲ್ಲುತ್ತಿತ್ತು. ನನಗೆ ಕಿವಿಯಿದೆ ಎಂದು ಕೊನೆಗೂ ಎಲ್ಲರಿಗೂ ಗೊತ್ತಾಗಿತ್ತು. ಅವ್ವ ಆಮೇಲೆ ಇಪ್ಪತ್ತಾರು ವರ್ಷ ಬದುಕಿದಳು. ಆ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಮುಗಿಲು ಯಾವ ಕಡೆ ಕಟ್ಟಿದೆ ಎಂದು ನನಗೆ ಹೇಳಲಿಲ್ಲ.

ಅಕ್ಕೋರಿಂದ ನನಗೆ ಅನ್ನ ಸಿಕ್ಕಿದೆ, ಸುಳ್ಳು ಹೇಳುವುದಿಲ್ಲ. ನಾನೂ ಇದನ್ನೇ ಕಲಿಸುವ ಟೀಚರಾದೆ. ಈಗಿನ ಮಕ್ಕಳು ಕೇಳುತ್ತಾರೆ, ಟೀಚರ್, ಫೋನೇ ಓದಿ ಹೇಳ್ತದಲ್ರಿ, ಈ ಚುಕ್ಕಿ ಯಾಕ? ಫೋನು ಗಟ್ಟಿಯಾಗಿ ಓದುತ್ತದೆ ಮಕ್ಕಳೇ, ಅದಕ್ಕೆ ಎನ್ನುತ್ತೇನೆ. ಅವಕ್ಕೆ ತಿಳಿಯುವುದಿಲ್ಲ. ಮಗುವೊಂದು ಬರೆದ ಹಾಳೆ ಮುಟ್ಟುವ ಮುಂಚೆ "ಓದಲಾ?" ಎಂದು ಕೇಳುತ್ತೇನೆ. ಬ್ಯಾಡ ಎಂದರೆ ಮುಟ್ಟುವುದಿಲ್ಲ.

ಹೋದ ವರ್ಷ ಹುಬ್ಬಳ್ಳಿಯಲ್ಲಿ ಅಕ್ಕೋರಿಗೆ ಸನ್ಮಾನವಿತ್ತು. ನಾನು ಎರಡನೆಯ ಸಾಲಿನಲ್ಲಿ ಕುಂತಿದ್ದೆ. ಮೈಕಿನಲ್ಲಿ ಅವರು ಯರಗುಪ್ಪಿಯ ಹುಡುಗಿಯ ಕಥೆ ಹೇಳಿದರು. ತಂದೆಗೆ ಬ್ರೈಲಿನ ಮೇಲೆ ನಂಬಿಕೆಯಿರಲಿಲ್ಲ, ಹುಡುಗಿಯ ಹಾಳೆಯನ್ನು ಮನೆಮಂದಿಯ ಮುಂದೆ ಓದಿದೆ, "ಅಪ್ಪಾ, ನನಗೂ ಸಾಲೀಗೆ ಹೋಗಬೇಕು" ಎಂದು ಬರೆದಿದ್ದಳು, ತಂದೆ ಕಣ್ಣೀರು ಹಾಕಿ ಅಲ್ಲೇ ಸಹಿ ಮಾಡಿದ. ಚಪ್ಪಾಳೆ ಬಿತ್ತು. ಈ ಕಥೆಯನ್ನು ಅವರು ಊರೂರಲ್ಲಿ ಹೇಳುತ್ತಾರೆಂದು ಮೊದಲೂ ಕೇಳಿದ್ದೆ. ಅವತ್ತು ಬೇಕಾಗಿದ್ದ ಸುಳ್ಳು ಮೂವತ್ತು ವರ್ಷ ತಡವಾಗಿ ಬಂದಿತ್ತು.

ಮುಂಜಾನೆಯೇ ನಾನು ಆ ಆರು ಸಾಲನ್ನು ಹಾಗೆಯೇ ಬರೆದು ಚೀಲದಲ್ಲಿ ಇಟ್ಟುಕೊಂಡು ಬಂದಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಹೋಗಿ, "ಯರಗುಪ್ಪಿ ಕಸ್ತೂರಿ ಅದೀನ್ರಿ" ಎಂದು ಹಾಳೆ ಕೈಗಿತ್ತೆ. ಅವರು ಬೆರಳಾಡಿಸಿದರು. ಆ ಸಪ್ಪಳ ನನಗೆ ಗೊತ್ತು, ಓದುವವರ ಬೆರಳಿನದಲ್ಲ ಅದು. ಕಣ್ಣು ಪೂರ್ತಿ ಹೋಗಿ ಎರಡು ವರ್ಷವಾಗಿತ್ತಂತೆ. ಊರಿಗೆಲ್ಲ ಬೆರಳಿನಿಂದ ಓದಲು ಹೇಳಿದವರು ತಾವು ಮಾತ್ರ ಕಣ್ಣಿನಿಂದಲೇ ಓದುತ್ತಿದ್ದರು.

"ನನಗ ಬೆರಳಿಗೆ ಬರೂದಿಲ್ಲವಾ. ನೀನ ಓದಿ ಹೇಳು."

ಸುತ್ತ ಮಂದಿ ಇದ್ದರು. "ಇಷ್ಟು ಮಂದ್ಯಾಗ ಓದೂದಲ್ರೀ ಅದು" ಎಂದೆ.

ಅವರು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ನನ್ನ ಮೊಣಕೈ ಹಿಡಿದು, ಅವ್ವ ಇದ್ದಾಳೇನು ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ಹಂಗಾದ್ರ ನನಗ ಕಲಿಸು, ನಾನ ಓದ್ತೀನಿ ಎಂದರು.

ಈಗ ಭಾನುವಾರಕ್ಕೊಮ್ಮೆ ಬಸ್ಸು ಹತ್ತುವುದು ನನ್ನ ಪಾಳಿ. ಮೊದಲ ದಿನ ಹುಣಸೆ ಬೀಜ ಒಯ್ದಿದ್ದೆ. ವಯಸ್ಸಾದ ಬೆರಳು ಬೇಗ ಕಲಿಯುವುದಿಲ್ಲ. ಒಂದು ವರ್ಷವಾಯಿತು. ನಮಸ್ಕಾರ ದಾಟಿದರು, ಎಮ್ಮೆ ಕರ ಹಾಕಿತು, ಕಾಕಾನ ಗೊರಕೆ ಮುಗಿಯಿತು. ಕಳೆದ ವಾರ ನಾಲ್ಕನೆಯ ಸಾಲಿನ ಮೊದಲ ಪದದ ಮೇಲೆ ಅವರ ಬೆರಳು ನಿಂತಿತು. ಅವ್ವ ಎಂಬ ಪದ ಅದು.

"ಇವತ್ತಿಗೆ ಸಾಕು ಕಸ್ತೂರಿ" ಎಂದರು.

"ಓದ್ರಿ ಮುಂದ" ಎಂದೆ.